ಕಿತ್ತಳೆ ತೋಟ ಉಳಿಸಿದ ಗುಲಗಂಜಿ ಹುಳು

1880ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಒಣಗತೊಡಗಿದವು. ಕಾರಣ, ಹತ್ತಿಯಂತೆ ಬೆಳ್ಳಗೆ ಕೊಂಬೆಗಂಟಿ ರಸ ಹೀರುವ, ಆಸ್ಟ್ರೇಲಿಯಾ ಮೂಲದ ಶಲ್ಕ ಕೀಟ. ಸಿಂಪಡಣೆ ಫಲಿಸಲಿಲ್ಲ. 1888ರಲ್ಲಿ ಕೀಟತಜ್ಞ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾಕ್ಕೆ ಹೋಗಿ, ಅದರ ಸಹಜ ಶತ್ರುವಾದ ವೆಡೇಲಿಯಾ ಎಂಬ ಗುಲಗಂಜಿ ಹುಳುವನ್ನು ಹಡಗಿನಲ್ಲಿ ಕಳುಹಿಸಿದರು. ಮೊದಲ ಮೂರು ಕಂತುಗಳಲ್ಲಿ ಬಂದವು ಬರೀ 129. ಲಾಸ್ ಏಂಜಲಿಸ್‌ನಲ್ಲಿ ಬಟ್ಟೆಯ ಡೇರೆ ಹೊದಿಸಿದ ಕಿತ್ತಳೆ ಮರದಲ್ಲಿ ಅವನ್ನು ಬೆಳೆಸಿ ತೋಟಗಳಿಗೆ ಹಂಚಲಾಯಿತು. 1889ರ ಕೊನೆಗೆ ತೋಟಗಳು ಚೇತರಿಸಿಕೊಂಡಿದ್ದವು.

1940ರ ದಶಕದಲ್ಲಿ ಡಿಡಿಟಿ ಬಂತು. ಗುಲಗಂಜಿ ಹುಳು ಸತ್ತಿತು, ಶಲ್ಕ ಕೀಟ ಮರಳಿತು. ಆಂಟಿಬಯಾಟಿಕ್ ಅತಿಯಾದಾಗ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಬೇರೆ ರೋಗಾಣು ಹೆಚ್ಚುವುದನ್ನು ವೈದ್ಯರು ಬಲ್ಲರು. ಹಿತ್ತಲಿನ ನಿಂಬೆಗಿಡಕ್ಕೂ ಅದೇ ನಿಯಮ: ವಿಷ ಸಿಂಪಡಿಸುವ ಮುನ್ನ ಎಲೆಯ ಮೇಲೆ ಗುಲಗಂಜಿ ಹುಳು ಇದೆಯೇ ನೋಡಿ.