ರಾಯಚೂರು ಕದನದಲ್ಲಿ ಬಂದೂಕುಗಳು

ರಾಯಚೂರು ಕದನವು 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಹಾಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ನಡುವೆ ನಡೆಯಿತು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ, ಇಂದಿನ ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳಿರುವ ದೋಆಬ್ ಪ್ರದೇಶದ ಒಡೆತನವೇ ಇದಕ್ಕೆ ಕಾರಣವಾಗಿತ್ತು.

ಆಯುಧಗಳ ಸ್ವರೂಪ

ಅಂದಿನ ಬತ್ತಿಕೋವಿಗಳಿಗೆ ಮದ್ದು ಮತ್ತು ಗುಂಡನ್ನು ನಳಿಗೆಯ ಬಾಯಿಯಿಂದ ತುಂಬಲಾಗುತ್ತಿತ್ತು. ಗುಂಡು ಒಳಗಿಳಿಯಲು ನಳಿಗೆಯ ಒಳವ್ಯಾಸಕ್ಕಿಂತ ತುಸು ಚಿಕ್ಕದಿರಬೇಕಿತ್ತು. ಅಂತರ ಹೆಚ್ಚಾದರೆ ಅನಿಲವು ಸೋರಿ, ಗುಂಡಿನ ವೇಗವೂ ಗುರಿಯ ನಿಖರತೆಯೂ ಕುಗ್ಗುತ್ತಿದ್ದವು. ಪ್ರತಿ ಹೊಡೆತದ ಬಳಿಕ ಮತ್ತೆ ಮದ್ದು ತುಂಬಲು ಸಮಯ ಹಿಡಿಯುತ್ತಿತ್ತು.

ಕದನ ಮತ್ತು ಮುತ್ತಿಗೆ

ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್‌ನ ವೃತ್ತಾಂತದ ಪ್ರಕಾರ, ಬಿಜಾಪುರದ ಫಿರಂಗಿಗಳು ಒಮ್ಮೆಲೇ ಸಿಡಿದಾಗ ವಿಜಯನಗರದ ಮುಂಚೂಣಿ ಹಿಮ್ಮೆಟ್ಟಿತು. ಕೃಷ್ಣದೇವರಾಯನು ಉಳಿದ ಪಡೆಯನ್ನು ಹುರಿದುಂಬಿಸಿ ಪ್ರತಿದಾಳಿ ನಡೆಸಿ ಗೆದ್ದನು. ಶತ್ರುವಿನ ಫಿರಂಗಿಗಳು ಅವನ ವಶವಾದವು. ಬಳಿಕ ಮುಂದುವರಿದ ಕೋಟೆಯ ಮುತ್ತಿಗೆಯಲ್ಲಿ ಸೈನಿಕರು ಹಾರೆ, ಗುದ್ದಲಿಗಳಿಂದ ಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದರು. ಅವರಿಗೆ ನೆರವಾದ ಕ್ರಿಸ್ಟೋವಾವೊ ಡಿ ಫಿಗೆರೆದೊನ ಪೋರ್ಚುಗೀಸ್ ಬಂದೂಕುಧಾರಿಗಳು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರು. ಕೋಟೆಯ ಅಧಿಪತಿಯೂ ಗುಂಡೇಟಿಗೆ ಬಲಿಯಾದನು. ಆ ಬಳಿಕ ರಾಯಚೂರು ಶರಣಾಯಿತು. ಫಿರಂಗಿಗಳ ಸಂಖ್ಯೆಗಿಂತ ಅವುಗಳ ಬಳಕೆಯೇ ಇಲ್ಲಿ ನಿರ್ಣಾಯಕವಾಯಿತು.