ವಿಂಡೋಸ್‌ 11ಕ್ಕೆ ಹೋಗ್ತಿದೀರಾ? ಮೊದಲು ನುಡಿ ಫಾಂಟು, ಟ್ಯಾಲಿ ಡೇಟಾ ಜೋಪಾನ

ಶಿವಮೊಗ್ಗ/ಭದ್ರಾವತಿ: ವಿಂಡೋಸ್‌ 10ಕ್ಕೆ ಮೈಕ್ರೋಸಾಫ್ಟ್‌ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ 14ಕ್ಕೆ ಮುಗಿದಿದೆ. ಹಾಗಂತ ಕಂಪ್ಯೂಟರ್‌ ನಿಂತು ಹೋಗಲ್ಲ. ಆನ್‌ ಆಗುತ್ತೆ, ಕೆಲಸವೂ ನಡೆಯುತ್ತೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಅಪ್‌ಡೇಟ್‌ ಬರಲ್ಲ. ಅದೇ ಸಿಸ್ಟಂನಲ್ಲಿ ನೆಟ್‌ ಬ್ಯಾಂಕಿಂಗ್‌, ಜಿಎಸ್‌ಟಿ ರಿಟರ್ನ್‌ ಮಾಡುವವರು ಯೋಚಿಸಬೇಕಾದ ವಿಷಯ ಇದು.

ನಿಮ್ಮ ಸಿಸ್ಟಂಗೆ 11 ಬರುತ್ತಾ?

ಇಂಟೆಲ್‌ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್‌, ಟಿಪಿಎಂ 2.0, 64 ಜಿಬಿ ಸ್ಟೋರೇಜ್‌, 4 ಜಿಬಿ ರ್‍ಯಾಮ್‌ ಇರಬೇಕು. (4 ಜಿಬಿ ಅನ್ನೋದು ಕಾಗದದ ಮೇಲಿನ ಲೆಕ್ಕ. 8 ಇಲ್ಲದಿದ್ದರೆ ಆಮೆ ವೇಗವೇ.) ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್‌ ಚೆಕ್‌’ ಆ್ಯಪ್‌ ಹಾಕಿಕೊಂಡರೆ ಗೊತ್ತಾಗುತ್ತೆ. ಟಿಪಿಎಂ ಇಲ್ಲ ಅಂತ ತೋರಿಸಿದ ಕೂಡಲೇ ಹೊಸ ಕಂಪ್ಯೂಟರ್‌ ತಗೋಬೇಡಿ. ಎಷ್ಟೋ ಬಾರಿ ಬಯಾಸ್‌ನಲ್ಲಿ ಅದು ಆಫ್‌ ಆಗಿರುತ್ತೆ ಅಷ್ಟೆ.

ನಿಜಕ್ಕೂ ಬರಲ್ಲ ಅಂದ್ರೆ, ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್‌ 13ರವರೆಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಯೋಜನೆಯನ್ನು ಕಂಪನಿ ಪ್ರಕಟಿಸಿದೆ. ಮೈಕ್ರೋಸಾಫ್ಟ್‌ ಖಾತೆಯಲ್ಲಿ ಲಾಗಿನ್‌ ಆಗಿ ಸೆಟ್ಟಿಂಗ್ಸ್‌ ಬ್ಯಾಕಪ್‌ ಆನ್‌ ಮಾಡಿದರೆ ದುಡ್ಡು ಕಟ್ಟಬೇಕಿಲ್ಲ.

ಡಿಟಿಪಿಯವರ ಕಷ್ಟವೇ ಬೇರೆ

ಮದುವೆ ಕಾರ್ಡು, ಕರಪತ್ರ ಮಾಡುವ ಡಿಟಿಪಿ ಸೆಂಟರ್‌ಗಳಲ್ಲಿ ಈಗಲೂ ಪೇಜ್‌ಮೇಕರ್‌ ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್‌ ಗೊತ್ತಿಲ್ಲ. ಹಾಗಾಗಿ ನುಡಿ, ಬರಹದ ಹಳೇ ಆಸ್ಕಿ ಫಾಂಟುಗಳೇ ಗತಿ. ಆ ಫಾಂಟು ಇಲ್ಲದ ಸಿಸ್ಟಂನಲ್ಲಿ ಫೈಲ್‌ ತೆರೆದರೆ ಕನ್ನಡದ ಬದಲು ಇಂಗ್ಲಿಷ್‌ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತೆ. ಎಷ್ಟೋ ವರ್ಷದ ಕೆಲಸ ಅಲ್ಲಿಗೆ ಓದಲಾರದ ಕಸ.

ಫೈಲು, ಆ್ಯಪ್‌ ಉಳಿಸಿಕೊಂಡು ಅಪ್‌ಗ್ರೇಡ್‌ ಮಾಡಿದರೆ ಫಾಂಟುಗಳೂ ಸಾಮಾನ್ಯವಾಗಿ ಉಳಿಯುತ್ತವೆ. ಫಾರ್ಮ್ಯಾಟ್‌ ಮಾಡಿದರೆ ಸಿ ಡ್ರೈವ್‌ ಪೂರ್ತಿ ಹೋಗುತ್ತೆ. ಅಂಗಡಿಯವರು ‘ಫ್ರೆಶ್ಶಾಗಿ ಹಾಕ್ತೀವಿ ಸಾರ್‌’ ಅಂದರೆ ಅದು ಫಾರ್ಮ್ಯಾಟೇ, ಕೇಳಿ ತಿಳ್ಕೊಳ್ಳಿ. ಮೊದಲೇ ಫಾಂಟು ಫೋಲ್ಡರ್‌ ಮತ್ತು ನುಡಿ ಸೆಟಪ್‌ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸಿಡಿ, ಕನ್ವರ್ಟರ್‌ ನುಡಿ ಮತ್ತು ಬರಹ ಎರಡರಲ್ಲೂ ಇದೆ.

ಅಡಿಕೆ ಮಂಡಿ, ಅಂಗಡಿಯವರು ಟ್ಯಾಲಿ ಡೇಟಾ ಬ್ಯಾಕಪ್‌ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ರಿಸ್ಟೋರ್‌ ಮಾಡಿ ನೋಡಿ. ಫಾರ್ಮ್ಯಾಟ್‌ ಆದ್ರೆ ಅದಕ್ಕೂ ಮುಂಚೆ ಲೈಸೆನ್ಸ್‌ ಸರೆಂಡರ್‌ ಮಾಡಿ. ಪ್ರಿಂಟರ್‌, ಡಿಜಿಟಲ್‌ ಸಹಿಯ ಟೋಕನ್‌ಗೆ 11ರ ಡ್ರೈವರ್‌ ಇದೆಯಾ ಅಂತ ಆಯಾ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ವಿಂಡೋಸ್‌ ಅಪ್‌ಡೇಟ್‌ ಆದ ಮಾತ್ರಕ್ಕೆ ಟ್ಯಾಲಿ, ನುಡಿ ತಾವಾಗೇ ಹೊಸದಾಗಲ್ಲ. ಅವನ್ನು ಬೇರೆಯಾಗಿಯೇ ಅಪ್‌ಡೇಟ್‌ ಮಾಡಬೇಕು.

ಅಪ್‌ಗ್ರೇಡ್‌ ಆದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್‌’ ಒತ್ತಿ 10ಕ್ಕೆ ವಾಪಸ್‌ ಬರಬಹುದು. ಅಷ್ಟರೊಳಗೆ ಒಂದು ಹಳೇ ಕಾರ್ಡು ತೆರೆದು ಪ್ರಿಂಟ್‌ ಕೊಡಿ, ಒಂದು ಬಿಲ್‌ ಹಾಕಿ ನೋಡಿ. ಜಾಗ ಸಾಲಲ್ಲ ಅಂತ ‘ವಿಂಡೋಸ್‌ ಓಲ್ಡ್‌’ ಫೋಲ್ಡರ್‌ ಡಿಲೀಟ್‌ ಮಾಡಿದ್ರೆ ಮಾತ್ರ ಆ ದಾರಿ ಬಂದ್‌.