ಹತ್ತು ವಾರಗಳಲ್ಲಿ ಎರಡು ತೀರ್ಪು: 1985ರ ಚುನಾವಣೆಯ ನೆನಪು

ಹೊಸದಾಗಿ ಅಧಿಕಾರಕ್ಕೆ ಬಂದ ನಾಯಕನನ್ನು ಜನ ಮತ್ತೊಮ್ಮೆ ಆರಿಸುವರೇ ಎಂಬ ಪ್ರಶ್ನೆ ಎಲ್ಲ ಪ್ರಜಾಪ್ರಭುತ್ವ ರಾಷ್ಟ್ರಗಳಲ್ಲೂ ಮೊದಲ ಕೆಲವು ತಿಂಗಳಲ್ಲಿಯೇ ಏಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರು ಪ್ರಮಾಣವಚನ ಸ್ವೀಕರಿಸಿ ನೂರು ದಿನ ತುಂಬುವುದರೊಳಗೆ ಲೆಕ್ಕಾಚಾರ ಶುರುವಾಗುತ್ತದೆ. 1993ರಲ್ಲಿ ಅಧ್ಯಕ್ಷರಾದ ಬಿಲ್ ಕ್ಲಿಂಟನ್ ಅವರ ಪಕ್ಷ 1994ರ ನವೆಂಬರಿನಲ್ಲಿ ಸಂಸತ್ತಿನ ಎರಡೂ ಸದನಗಳಲ್ಲಿ ಬಹುಮತ ಕಳೆದುಕೊಂಡಿತು. ಇವರ ಕಥೆ ಮುಗಿಯಿತು ಎಂದವರು ಅನೇಕರು. 1996ರಲ್ಲಿ ಅವರೇ ಮತ್ತೆ ಗೆದ್ದರು. ಇಂತಹದೇ ಒಂದು ಪ್ರಸಂಗ ಅದಕ್ಕೂ ಹತ್ತು ವರ್ಷ ಮೊದಲೇ ನಮ್ಮ ರಾಜ್ಯದಲ್ಲಿ ನಡೆದುಹೋಗಿದೆ. ಅದರ ನಾಯಕರು ನಮ್ಮ ಜಿಲ್ಲೆಯವರೇ ಆದ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು. ಇಂದಿನ ವಿದ್ಯಾರ್ಥಿಗಳಿಗೆ ಈ ಇತಿಹಾಸ ಅಷ್ಟಾಗಿ ತಿಳಿದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಗುಂಡೂರಾಯರ ಕಾಂಗ್ರೆಸ್ ಸರಕಾರ ಸೋತಿತು. ಸ್ವಾತಂತ್ರ್ಯಾನಂತರ ಈ ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರಕಾರ ಬಂದದ್ದು ಅದೇ ಮೊದಲು. ಆದರೆ ಬಂದ ರೀತಿಯನ್ನು ಗಮನಿಸಬೇಕು. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಮಾತ್ರ. ಕಾಂಗ್ರೆಸ್ಸಿಗೆ 82. ಮತಗಳ ಲೆಕ್ಕ ಹಾಕಿದರೆ ಇನ್ನೂ ವಿಚಿತ್ರ: ಸೋತ ಕಾಂಗ್ರೆಸ್ಸಿಗೆ ಶೇಕಡಾ 40ರಷ್ಟು, ಗೆದ್ದ ಜನತಾ ಪಕ್ಷಕ್ಕೆ ಶೇಕಡಾ 33ರಷ್ಟು! 18 ಸ್ಥಾನ ಪಡೆದಿದ್ದ ಭಾರತೀಯ ಜನತಾ ಪಕ್ಷ ಹಾಗೂ ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಜನವರಿ 10ರಂದು ಮುಖ್ಯಮಂತ್ರಿಯಾದ ಹೆಗಡೆಯವರು ಆಗ ವಿಧಾನಸಭೆಯ ಸದಸ್ಯರೂ ಆಗಿರಲಿಲ್ಲ. ಬಳಿಕ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಪಕ್ಷಾಂತರ ನಿಷೇಧ ಕಾನೂನು ಇಲ್ಲದ ಕಾಲ ಅದು. ಶಾಸಕರು ಯಾವಾಗ ಯಾವ ಕಡೆ ಹೋಗುವರೋ ಹೇಳುವಂತಿರಲಿಲ್ಲ. ಈ ಸರಕಾರ ಆರು ತಿಂಗಳು ನಿಂತರೆ ದೊಡ್ಡದು ಎನ್ನುವ ಮಾತು ಸಾಮಾನ್ಯವಾಗಿತ್ತು.

ಆದರೂ ನಿಂತಿತು. ನಿಂತದ್ದಷ್ಟೇ ಅಲ್ಲ, ಕೆಲಸವನ್ನೂ ಮಾಡಿತು. ಕನ್ನಡ ಕಾವಲು ಸಮಿತಿ, ಲೋಕಾಯುಕ್ತ ಕಾಯಿದೆ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯಿದೆ ಎಲ್ಲವೂ ಆ ಮೊದಲ ಎರಡು ವರ್ಷಗಳ ಫಲ. ಈ ಕೊನೆಯ ಕಾಯಿದೆಯ ಹಿಂದಿದ್ದವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರು. ಗುಂಡ್ಲುಪೇಟೆಯ ಈ ಸರಳ ಮನುಷ್ಯ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡರು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇಕಡಾ 25ರ ಮೀಸಲಾತಿ ತಂದ ಕಾಯಿದೆ ಅದು. ಆದರೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆದ್ದರಿಂದ 1985ರ ಮತದಾರನ ಕಣ್ಣಿಗೆ ಮಂಡಲ ಪಂಚಾಯಿತಿ ಇನ್ನೂ ಕಂಡಿರಲಿಲ್ಲ, ಬೋರ್‌ವೆಲ್ಲಿನ ಕೈಪಂಪು ಕಂಡಿತ್ತು. ಕಾಯಿದೆಗಿಂತ ಕೊಡ ತುಂಬಿದ ನೀರು ಹೆಚ್ಚು ಮತ ತರುತ್ತದೆ ಎಂದು ನನ್ನ ಅಭಿಪ್ರಾಯ.

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರ್ ಕೊನೆಯಲ್ಲಿ ಲೋಕಸಭಾ ಚುನಾವಣೆ. ದೇಶವೆಲ್ಲ ರಾಜೀವ್ ಗಾಂಧಿಯವರ ಕಡೆ ಹರಿಯಿತು. ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24, ಆಳುವ ಜನತಾ ಪಕ್ಷಕ್ಕೆ ಕೇವಲ 4. ಮುಖ್ಯಮಂತ್ರಿಗಳ ತವರು ಜಿಲ್ಲೆಯ ಕೆನರಾ ಕ್ಷೇತ್ರದಲ್ಲೂ ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು.

ಇಲ್ಲಿ ಹೆಗಡೆಯವರು ಮಾಡಿದ ಕೆಲಸ ಯಾರೂ ನಿರೀಕ್ಷಿಸಿರದಂಥದು. ಲೋಕಸಭೆಯ ಸೋಲಿಗೂ ರಾಜ್ಯ ಸರಕಾರಕ್ಕೂ ಕಾನೂನಿನ ಸಂಬಂಧವಿಲ್ಲ. ಇನ್ನೂ ಮೂರು ವರ್ಷ ಕುರ್ಚಿ ಹಿಡಿದು ಕೂರಬಹುದಿತ್ತು. ಆದರೆ ಜನರ ವಿಶ್ವಾಸ ತಮಗಿದೆಯೇ ಎಂದು ಜನರನ್ನೇ ಕೇಳುವುದಾಗಿ ಹೇಳಿ ರಾಜೀನಾಮೆ ಕೊಟ್ಟು, ವಿಧಾನಸಭೆಯನ್ನು ವಿಸರ್ಜಿಸಿದರು. ಇದು ನೈತಿಕತೆಯೋ ಚಾಣಾಕ್ಷತನವೋ? ಎರಡೂ ಹೌದು ಎನ್ನಬೇಕು. ಬೆಂಬಲಿಗ ಪಕ್ಷಗಳ ಹಂಗಿನಲ್ಲಿದ್ದ ಸರಕಾರಕ್ಕೆ ಸ್ವಂತ ಬಹುಮತ ಬೇಕಿತ್ತು ಎಂಬುದನ್ನೂ ಮರೆಯುವಂತಿಲ್ಲ.

1985ರ ಮಾರ್ಚ್ 5ರಂದು ಮತದಾನವಾಯಿತು. ಜನತಾ ಪಕ್ಷಕ್ಕೆ 139, ಕಾಂಗ್ರೆಸ್ಸಿಗೆ 65. ಹತ್ತು ವಾರಗಳ ಹಿಂದೆ ಅರ್ಧಕ್ಕೂ ಮೀರಿ ಕಾಂಗ್ರೆಸ್ಸಿಗೆ ಮತ ಕೊಟ್ಟಿದ್ದ ರಾಜ್ಯ ಈಗ ಅದಕ್ಕೆ ಕೊಟ್ಟದ್ದು ಶೇಕಡಾ 41ರಷ್ಟು; ಜನತಾ ಪಕ್ಷಕ್ಕೆ ಸುಮಾರು 44. ನೆರೆಯ ಆಂಧ್ರದಲ್ಲಿ ಎನ್.ಟಿ. ರಾಮರಾಯರ ತೆಲುಗು ದೇಶಂ ಕೂಡ ಅದೇ ತಿಂಗಳು ಮತ್ತೆ ಗೆದ್ದಿತಾದರೂ, ಅಲ್ಲಿ ಲೋಕಸಭೆಗೂ ಜನ ಅದೇ ಪಕ್ಷವನ್ನು ಆರಿಸಿದ್ದರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಎಂದು ಬೇರ್ಪಡಿಸಿ ಹೇಳಿದ್ದು ಕನ್ನಡ ನಾಡಿನ ಮತದಾರ. ಅಕ್ಷರ ಬಾರದವರಿಗೆ ರಾಜಕೀಯ ತಿಳಿಯದು ಎಂದು ಹಗುರವಾಗಿ ಮಾತಾಡುವ ನಮ್ಮ ಓದಿದವರು ಈ ಎರಡು ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲಿ.

ಆದರೆ ಹೆಗಡೆಯವರ ಗೆಲುವನ್ನು ಬರೀ ಜನಪ್ರಿಯತೆಯ ಅಲೆ ಎಂದರೆ ಪೂರ್ತಿ ಸರಿಯಾಗದು. 1983ರಲ್ಲಿ ಕಾಂಗ್ರೆಸ್ಸಿಗೆ ಬಂದಿದ್ದ ಮತಪ್ರಮಾಣ 1985ರಲ್ಲೂ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಬದಲಾದದ್ದು ಉಳಿದವರ ಮತ. ಮೊದಲ ಸಲ ನಾಲ್ಕು ಕಡೆ ಹಂಚಿಹೋಗಿದ್ದ ಕಾಂಗ್ರೆಸ್ ವಿರೋಧಿ ಮತ ಈ ಸಲ ಹೆಗಡೆಯವರ ಬೆನ್ನಿಗೆ ಒಟ್ಟಾಯಿತು. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಭಾಜಪ 18ರಿಂದ 2ಕ್ಕೆ ಇಳಿಯಿತು. ಅಂದರೆ ಎರಡು ವರ್ಷದ ಆಡಳಿತ ಎದುರಾಳಿಯ ಮನೆಯಿಂದ ಮತ ತರಲಿಲ್ಲ, ಅನುಮಾನದಿಂದ ದೂರ ನಿಂತಿದ್ದವರನ್ನು ಹತ್ತಿರ ತಂದಿತು.

ಮುಂದಿನ ಕಥೆ ಅಷ್ಟು ಚೆನ್ನಾಗಿಲ್ಲ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ 1988ರ ಆಗಸ್ಟಿನಲ್ಲಿ ಹೆಗಡೆಯವರು ಅಧಿಕಾರ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡರು. ನಂತರ ಬಂದ ಎಸ್.ಆರ್. ಬೊಮ್ಮಾಯಿಯವರ ಸರಕಾರ 1989ರ ಏಪ್ರಿಲಿನಲ್ಲಿ ವಜಾ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದರೆ ಜನತಾದಳಕ್ಕೆ ಉಳಿದದ್ದು 24. 1985ರ ತರುವಾಯ, 2023ರ ಚುನಾವಣೆಯವರೆಗೂ, ಆಳುತ್ತಿದ್ದ ಯಾವ ಪಕ್ಷವನ್ನೂ ಕರ್ನಾಟಕದ ಜನ ಬಹುಮತದೊಂದಿಗೆ ಮರಳಿ ತಂದಿಲ್ಲ. ಹೆಗಡೆಯವರು ಎರಡೇ ವರ್ಷಕ್ಕೆ ಜನರ ಮುಂದೆ ಹೋದದ್ದರಿಂದ ಗೆದ್ದರೇ, ಐದು ವರ್ಷ ಕಾದಿದ್ದರೆ ಅವರಿಗೂ ಇದೇ ಗತಿಯಾಗುತ್ತಿತ್ತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ.

ನಮ್ಮ ಸಾಂಬ್ರಾಣಿ ಸೇರಿದ ಹಳಿಯಾಳ ಕ್ಷೇತ್ರ ಮಾತ್ರ ಬೇರೆಯೇ ದಾರಿ ಹಿಡಿಯಿತು. 1983ರಲ್ಲಿ ಜನತಾ ಪಕ್ಷದಿಂದ ಮೊದಲ ಬಾರಿಗೆ ಗೆದ್ದ ಆರ್.ವಿ. ದೇಶಪಾಂಡೆಯವರನ್ನು 1985ರಲ್ಲಿ ಮತ್ತೆ ಆರಿಸಿತು. 1989ರಲ್ಲಿ ರಾಜ್ಯವೆಲ್ಲ ಜನತಾದಳವನ್ನು ಕೈಬಿಟ್ಟಾಗ ಉಳಿದ ಆ 24 ಸ್ಥಾನಗಳಲ್ಲಿ ಹಳಿಯಾಳವೂ ಒಂದಾಗಿತ್ತು.